ಎಂಟು ನಲವತ್ತೊಂದಕ್ಕೆ ಕೊಟ್ಟ ಉತ್ತರ

ಎಚ್ಚರಿಕೆ ಬಂದಿತ್ತು. ಬಂದಿದ್ದಷ್ಟೇ ಅಲ್ಲ, ಅದಕ್ಕೆ ಉತ್ತರವೂ ಹೋಗಿತ್ತು!

ಜಾರ್ಜಿಯಾದ ಹೋಟೆಲಿನವರ ಪತ್ರವನ್ನು ಅನಂತರಾಮು ಕುವೈತಿನ ರಿಗ್ಗೈಯಲ್ಲಿದ್ದ ತಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಹರಡಿಕೊಂಡು ಮತ್ತೆ ಮತ್ತೆ ಓದಿದರು. ಜೊತೆಗೆ ಮೊಬೈಲ್ ಪರದೆಯ ಒಂದು ಪ್ರತಿ. ಫೆಬ್ರವರಿ ಇಪ್ಪತ್ತಾರು, ಬೆಳಿಗ್ಗೆ ಎಂಟು ನಲವತ್ತು: ‘ಇಂದು ಹಿಮಕುಸಿತದ ಅಪಾಯ ನಾಲ್ಕು. ಬಿರುಗಾಳಿ ಮತ್ತೆ ಬರಬಹುದು. ದಯವಿಟ್ಟು ಉತ್ತರಿಸಿ.’ ಅದರ ಕೆಳಗೆ, ಎಂಟು ನಲವತ್ತೊಂದಕ್ಕೆ, ಕ್ಲೆಮೆಂಟನ ಟ್ರಿಪ್ ಫೋನಿನಿಂದ ಇಂಗ್ಲಿಷಿನಲ್ಲಿ ಮೂರು ಮಾತು: ‘ನೋಟೆಡ್. ಲೋ. ಥ್ಯಾಂಕ್ಸ್.’

ಹತ್ತು ಗಂಟೆಗೆ ಹೋಟೆಲಿನ ಹಿಂದಿನ ಇಳಿಜಾರಿನ ಹಿಮ ಕಿತ್ತುಕೊಂಡು ಬಂತು. ಅನಂತರಾಮು ಅವರ ಒಬ್ಬನೇ ಮಗ ನಿತೇಶ್ ಅದರಡಿ ಉಳಿದುಹೋದ. ಇಪ್ಪತ್ತೊಂಬತ್ತು ವರ್ಷದ ಹುಡುಗ. ಮದುವೆಯಾಗಿ ಹದಿನಾಲ್ಕು ತಿಂಗಳು.

ಅಂದರೆ ಯಾರೋ ಓದಿದ್ದಾರೆ. ಓದಿ, ಬಾಯಿ ಮುಚ್ಚಿಕೊಂಡಿದ್ದಾರೆ. ಯಾರು?

ಇದಕ್ಕೆ ಪತ್ತೇದಾರಿಕೆ ಬೇರೆ ಬೇಕೆ? ಟ್ರಿಪ್ ಫೋನ್ ಕ್ಲೆಮೆಂಟನದು. ಕುವೈತಿನ ರಾಷ್ಟ್ರೀಯ ದಿನದ ರಜೆ ಬಂತೆಂದರೆ ಇಲ್ಲಿನ ಕನ್ನಡದವರಿಗೆ ಹಿಮ ನೋಡುವ ಹುಚ್ಚು. ಇಲ್ಲಿನ ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದರೆ ಜಾರ್ಜಿಯಾಕ್ಕೆ ವೀಸಾದ ತಲೆನೋವಿಲ್ಲ. ಕರೆದುಕೊಂಡು ಹೋಗುವವನು ಫರ್ವಾನಿಯಾದಲ್ಲಿ ಸಣ್ಣ ಟ್ರಾವೆಲ್ಸ್ ಇಟ್ಟುಕೊಂಡಿದ್ದ ಮಂಗಳೂರಿನ ಕ್ಲೆಮೆಂಟ್. ಅಲ್ಲಿಳಿದ ಕೂಡಲೇ ಒಂದೇ ಒಂದು ಸಿಮ್ ಕೊಂಡು ತನ್ನ ಹಳೆಯ ಫೋನಿಗೆ ಹಾಕುವುದು, ಉಳಿದವರೆಲ್ಲ ಅದರ ಹಾಟ್‌ಸ್ಪಾಟಿಗೆ ಜೋತುಬೀಳುವುದು — ಇದು ಅವನ ಪದ್ಧತಿ. ಹೋಟೆಲಿನವರಿಗೆ ಗೊತ್ತಿದ್ದದ್ದೂ ಅದೊಂದೇ ನಂಬರು.

ಕನ್ನಡ ಸಂಘದ ಸಭೆಯಲ್ಲಿ ಪತ್ರ ಹಿಡಿದು ಅನಂತರಾಮು ಕೇಳಿದ್ದರು, “ಇದು ಯಾರು ಬರೆದಿದ್ದು?”

“ನಾನೇ ಸರ್,” ಎಂದಿದ್ದ ಕ್ಲೆಮೆಂಟ್. “ಡ್ರೈವರ್ ಜೊತೆ ಪೇಟೆಗೆ ಇಳಿದಿದ್ದೆ, ಟಯರಿನ ಚೈನ್ ತರ್ಲಿಕ್ಕೆ. ಕಾರಲ್ಲಿ ಮೆಸೇಜ್ ನೋಡಿದೆ. ಹುಡುಗರಿಗೆ ಹೇಳ್ಲಿಕ್ಕೆ ಮರೆತುಹೋಯ್ತು.”

“ಅಪಾಯ ನಾಲ್ಕು ಅಂದರೆ ಐದರಲ್ಲಿ ನಾಲ್ಕು ಕಣಯ್ಯಾ! ಅದಕ್ಕೆ ‘ಲೋ’, ಕಡಿಮೆ ಅಂತ ಬರೀತೀಯಾ? ಯಾವ ಬಾಯಲ್ಲಿ?”

ಕ್ಲೆಮೆಂಟ್ ತಲೆ ತಗ್ಗಿಸಿದ. ನಿತೇಶನ ತಾಯಿ ಅನಸೂಯಮ್ಮ ತುಂಬಿದ ಸಭೆಯಲ್ಲಿ ಎದ್ದು, “ನಿನ್ನ ಮಗಳೂ ಹೀಗೇ ಹೋಗ್ಲಿ! ಆಗ ಗೊತ್ತಾಗುತ್ತೆ ನಿಂಗೆ!” ಎಂದು ಶಾಪ ಹಾಕಿದರು. ಯಾರೂ ತಡೆಯಲಿಲ್ಲ. ಆ ರಾತ್ರಿಯೇ ಅನಂತರಾಮು ಕ್ಲೆಮೆಂಟನ ಕಫೀಲ್, ಅಂದರೆ ಅವನ ವೀಸಾದ ಹೊಣೆ ಹೊತ್ತ ಕುವೈತಿ, ಯೂಸುಫ್ ಅವರಿಗೆ ಎರಡು ಪುಟದ ಪತ್ರ ಬರೆದರು. ಅಹ್ಮದಿಯ ತೈಲ ಕಂಪನಿಯಲ್ಲಿ ಇಪ್ಪತ್ತೇಳು ವರ್ಷ ಅಪಘಾತಗಳ ತನಿಖೆ ಮಾಡಿದ ಕೈ ಅದು. ಬರೆದರೆ ಎದುರಿನವನು ಏಳುವ ಹಾಗಿರಲಿಲ್ಲ. ಯೂಸುಫ್ ಟ್ರಾವೆಲ್ಸಿನ ಬಾಗಿಲು ಹಾಕಿಸಿದರು. ಕ್ಲೆಮೆಂಟನ ಇಕಾಮಾ ರದ್ದಾಯಿತು.

ಇಷ್ಟರಿಂದ ಎದೆಯ ಉರಿ ತಣ್ಣಗಾಯಿತೇ? ಎಲ್ಲಿಂದ! ಮಗನ ಕೋಣೆಯ ಬಾಗಿಲು ಹಾಗೇ ಮುಚ್ಚಿತ್ತು. ಸೊಸೆ ನಿಖಿತಾ ಹಾಲಿನ ಸೋಫಾದ ಮೇಲೆ ಮಲಗುತ್ತಿದ್ದಳು.

ಏಪ್ರಿಲಿನ ಒಂದು ಶುಕ್ರವಾರ ಬೆಳಿಗ್ಗೆ, ಹೊರಗೆ ಧೂಳು ಎದ್ದು ಎದುರಿನ ಕಟ್ಟಡವೂ ಕಾಣದಿದ್ದಾಗ, ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ಕ್ಲೆಮೆಂಟನ ಮಗಳು ಡೆಲ್ಮಾ. ಆ ಪ್ರವಾಸದಲ್ಲಿ ಅವಳೂ ಇದ್ದಳು.

“ಅಂಕಲ್, ನಾಳೆ ಸಂಜೆ ಪಪ್ಪ, ಮಮ್ಮಿ ಊರಿಗೆ ಹೋಗ್ತಾರೆ. ಇನ್ನು ಬರ್ಲಿಕ್ಕೆ ಇಲ್ಲ. ಐದು ನಿಮಿಷ ಮಾತಾಡ್ಬಹುದಾ?”

ಅಡುಗೆಮನೆಯಿಂದ ಅನಸೂಯಮ್ಮ ಇಣುಕಿ, ಮುಖ ತಿರುಗಿಸಿ ಒಳಗೆ ಹೋದರು. ಅನಂತರಾಮು ಒಳಗೆ ಬಾ ಎನ್ನಲಿಲ್ಲ. ಆದರೆ ಬಾಗಿಲನ್ನೂ ಹಾಕಲಿಲ್ಲ.

“ಪಪ್ಪ ಎಂಟು ವಿಂಟರ್ ಅಲ್ಲಿಗೆ ಜನ ಕರ್ಕೊಂಡು ಹೋಗಿದ್ದಾರೆ ಅಂಕಲ್. ರಿಸ್ಕ್ ಮೂರು ಅಂತ ಬಂದ್ರೂ ಯಾರನ್ನೂ ಹೊರಗೆ ಬಿಡುದಿಲ್ಲ. ಎರಡು ವರ್ಷದ ಹಿಂದೆ ಒಂದು ಫ್ಯಾಮಿಲಿ ಜಗಳವೇ ಮಾಡಿತು, ರೂಮಲ್ಲಿ ಕೂರ್ಲಿಕ್ಕೆ ಇಷ್ಟು ದೂರ ಬಂದದ್ದಾ ಅಂತ. ಆದ್ರೂ ಬಿಡಲಿಲ್ಲ.”

“ಮರೆತೆ ಅಂತ ಅವನೇ ಒಪ್ಪಿಕೊಂಡನಲ್ಲಮ್ಮ?”

“ಮನೆಯಲ್ಲಿ ಕೇಳಿದ್ರೂ ಅದೇ ಮಾತು. ನಿನ್ನೆ ಮಮ್ಮಿ ಅಲ್ತಾರ್ ಎದುರು ನಿಲ್ಸಿ ಕೇಳಿದ್ರು — ಕ್ಲೆಮೆಂಟ್, ದೇವರ ಎದುರು ಹೇಳಿ, ಆ ಮೆಸೇಜ್ ನೀವು ನೋಡಿದ್ದಾ? ಪಪ್ಪ ಬಾಯಿ ಬಿಡಲಿಲ್ಲ. ಎದ್ದು ಹೊರಗೆ ಹೋದ್ರು.” ಅವಳು ಬಾಗಿಲ ಚೌಕಟ್ಟು ಹಿಡಿದಳು. “ಸಭೆಯಲ್ಲಿ ಹೇಳ್ಲಿಕ್ಕೆ ಆಗ್ತದೆ, ದೇವರ ಎದುರು ಆಗುದಿಲ್ಲ ಅಂದ್ರೆ ಎಂತ ಅಂಕಲ್?”

ಅಹ್ಮದಿಯಲ್ಲಿ ಹೊಸಬರಿಗೆ ಅನಂತರಾಮು ಅವರೇ ಹೇಳಿಕೊಡುತ್ತಿದ್ದ ಪಾಠವೊಂದಿತ್ತು: ತಪ್ಪು ಒಪ್ಪಿಕೊಂಡವನನ್ನೇ ಎರಡನೇ ಸಲ ಕೇಳಿ. ಊರಿಗೆಲ್ಲ ಹೇಳಿದ ಬುದ್ಧಿ ತಮ್ಮ ಮಗನ ವಿಷಯದಲ್ಲಿ ತಮಗೇ ನೆನಪಾಗಿರಲಿಲ್ಲ.

“ಒಳಗೆ ಬಾ,” ಎಂದರು. ಸೋಫಾದಲ್ಲಿದ್ದ ನಿಖಿತಾಳ ಕಡೆ ತಿರುಗಿದರು. “ನಿಖಿತಾ, ಆ ದಿನ ಬೆಳಿಗ್ಗೆ ಕ್ಲೆಮೆಂಟ್ ಹೋಟೆಲ್ ಬಿಟ್ಟಿದ್ದು ಎಷ್ಟು ಹೊತ್ತಿಗೆ?”

“ಎಂಟಕ್ಕೆ ಮಾವ. ಕಿಟಕಿಯಿಂದ ಕಾರು ಹೋಗಿದ್ದು ನೋಡಿದೆ.”

“ಮತ್ತೆ ಬಂದಿದ್ದು?”

“ಹಿಮ ಬಿದ್ದ ಮೇಲೆ. ರಸ್ತೆ ಮುಚ್ಚಿತ್ತಂತೆ, ಅರ್ಧ ದಾರಿ ನಡೆದೇ ಬಂದ್ರು.”

“ನೀನು ಎಲ್ಲಿದ್ದೆ?”

“ರೂಮಲ್ಲೇ, ಜ್ವರ ಬಂದಿತ್ತು. ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಹೀಟರ್ ಇಲ್ಲ, ವೈಫೈ ಇಲ್ಲ. ಎರಡು ದಿನದ ಬಿರುಗಾಳಿಗೆ ಕಂಬ ಬಿದ್ದಿತ್ತು. ನಾನು, ಡೆಲ್ಮಾ ಒಂದೇ ರಜಾಯಿ ಹೊದ್ದುಕೊಂಡು ಕೂತಿದ್ವಿ.”

“ವೈಫೈ ಯಾವಾಗ ಬಂತು?”

“ಮಾರನೇ ದಿನ... ನಿತೇಶನ್ನ ಕೆಳಗೆ ತಂದ ಮೇಲೆ.”

“ನಿಮ್ಮ ಯಾರ ಫೋನಲ್ಲಾದರೂ ರೋಮಿಂಗ್ ಇತ್ತಾ?”

“ಇಲ್ಲ ಮಾವ. ಕ್ಲೆಮೆಂಟ್ ಅಂಕಲ್ ಹಾಟ್‌ಸ್ಪಾಟ್ ಒಂದೇ. ಯಾಕೆ ಈಗ ಇದೆಲ್ಲ?”

ಯಾಕೆ? ಅನಂತರಾಮು ಎದ್ದು ಅಡುಗೆಮನೆಗೆ ಹೋದರು. ಅನಸೂಯಮ್ಮ ತಮ್ಮ ಮೊಬೈಲನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು. ಅದರಲ್ಲಿ ಮಗನ ಕೊನೆಯ ಫೋಟೊ ಇತ್ತು: ಹೋಟೆಲಿನ ಮೆಟ್ಟಿಲು, ಮೊಳಕಾಲುದ್ದ ಹಿಮ, ಕೆಂಪು ಟೋಪಿ ಹಾಕಿಕೊಂಡು ನಗುತ್ತಿರುವ ನಿತೇಶ್. ‘ಅಮ್ಮಾ, ಗಾಳಿ ನಿಂತಿದೆ ನೋಡು’ ಎಂದು ಕೆಳಗೆ ಬರೆದಿದ್ದ. ದಿನಕ್ಕೆ ನೂರು ಸಲ ನೋಡುತ್ತಿದ್ದರು ಗಂಡ ಹೆಂಡತಿ.

“ಒಂದು ನಿಮಿಷ ಕೊಡು ಅನಸೂಯಾ.”

“ಯಾಕೆ? ಅಳಿಸಿಬಿಟ್ಟೀರಾ!”

“ಇಲ್ಲ. ಟೈಮ್ ನೋಡಬೇಕು.”

ಏಳು ಐವತ್ತು. ಈ ಸಮಯ ಅವರಿಗೆ ಮೊದಲೂ ಗೊತ್ತಿತ್ತು. ಕ್ಲೆಮೆಂಟ್ ಹೊರಟಿದ್ದು ಎಂಟಕ್ಕೆ, ಫೋಟೊ ಏಳು ಐವತ್ತಕ್ಕೆ. ಆಗ ಟ್ರಿಪ್ ಫೋನ್ ಇನ್ನೂ ಹೋಟೆಲಿನಲ್ಲೇ ಇತ್ತು, ಸರಿಯಾಯಿತಲ್ಲ? ಸರಿ ಹೇಗಾಗುತ್ತದೆ! ಈ ಏಳು ಐವತ್ತು ಕುವೈತಿನ ಏಳು ಐವತ್ತು. ಜಾರ್ಜಿಯಾ ನಮಗಿಂತ ಒಂದು ಗಂಟೆ ಮುಂದೆ. ಅಲ್ಲಿ ಆಗ ಎಂಟು ಐವತ್ತು.

ಅನಂತರಾಮು ಅಡುಗೆಕಟ್ಟೆಯನ್ನು ಹಿಡಿದು ನಿಂತರು. ಕರೆಂಟಿಲ್ಲ. ವೈಫೈ ಇಲ್ಲ. ಕ್ಲೆಮೆಂಟ್ ಹೋಗಿ ಐವತ್ತು ನಿಮಿಷ. ಹಾಗಾದರೆ ಈ ಫೋಟೊ ಯಾವ ದಾರಿಯಲ್ಲಿ ಬಂತು?

“ಏನ್ರೀ? ಯಾಕೆ ಹಾಗೆ ಬೆವರ್ತಿದ್ದೀರಿ?”

“ಏನಿಲ್ಲ. ಈಗ ಬಂದೆ,” ಎಂದು ಫೋನು ಕೊಟ್ಟು ಹೊರಗೆ ಬಂದರು.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಗುರುಕಿರಣ್ ಇದ್ದ. ನಿತೇಶನ ಜೊತೆ ಶುಐಬಾದ ಕಾರ್ಖಾನೆಯಲ್ಲಿ ಕಂಟ್ರೋಲ್ ರೂಮ್ ಎಂಜಿನಿಯರ್. ಆ ಬೆಳಿಗ್ಗೆ ಇಳಿಜಾರಿಗೆ ಹೋದವರು ಇಬ್ಬರೇ, ಬದುಕಿ ಬಂದವನು ಇವನೊಬ್ಬ. ಮುರಿದ ಕಾಲಿಗೆ ಇನ್ನೂ ಪಟ್ಟಿ ಕಟ್ಟಿತ್ತು. ಅನಂತರಾಮು ಅವರನ್ನೂ ಡೆಲ್ಮಾಳನ್ನೂ ಒಟ್ಟಿಗೆ ಕಂಡಿದ್ದೇ ಅವನ ಮುಖ ಬಿಳುಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

“ಎಂಟು ನಲವತ್ತೊಂದಕ್ಕೆ ನೀನು ಎಲ್ಲಿದ್ದೆ?”

“ಮಲಗಿದ್ದೆ ಅಂಕಲ್. ಹೇಳಿದ್ನಲ್ಲ ಆವತ್ತೇ...”

“ಹೌದು ಅಂಕಲ್,” ಎಂದಳು ಡೆಲ್ಮಾ. “ಒಂಬತ್ತಕ್ಕೆ ನಾನೇ ಬಾಗಿಲು ಬಡಿದು ಎಬ್ಬಿಸಿದ್ದು. ತಿಂಡಿ ಖಾಲಿ ಆಗ್ತದೆ ಅಂತ.”

“ಆಮೇಲೆ? ಹೊರಗೆ ಹೋಗೋಣ ಅಂದಿದ್ದು ಯಾರು?”

“ನಾಳೆ ಹೊರಡಬೇಕು, ಎರಡು ದಿನ ರೂಮಲ್ಲೇ ಕೊಳೆತಿದ್ದೀವಿ, ಗಾಳಿ ನಿಂತಿದೆ... ಅಂತ ಇಬ್ರೂ ಅಂದ್ಕೊಂಡ್ವಿ ಅಂಕಲ್.”

“ಭಯ ಆಗಲಿಲ್ವಾ?”

“ನನಗೆ ಆಯ್ತು. ಮೇಲೆ ಅಷ್ಟೊಂದು ಹಿಮ ಕೂತಿತ್ತು. ಆದರೆ...”

“ಆದರೆ?”

ಗುರುಕಿರಣ್ ಕಣ್ಣು ತಪ್ಪಿಸಿದ. ಅನಂತರಾಮು ಅವನ ಪಕ್ಕ ಕೂತರು. ದನಿ ಏರಿಸಲಿಲ್ಲ. ಪರೀಕ್ಷೆಯಲ್ಲಿ ಹುಡುಗನನ್ನು ಕೇಳುವಂತೆ ಕೇಳಿದರು, “ನಿಮ್ಮ ಪ್ಲಾಂಟಿನ ರಿಸ್ಕ್ ಪಟ್ಟಿಯಲ್ಲಿ ನಾಲ್ಕು ಬಂದರೆ ಯಾವ ಬಣ್ಣಪ್ಪ?”

“ಹಸಿರು ಅಂಕಲ್,” ಎಂದ ಅವನು, ಯೋಚಿಸದೆಯೇ. ಅಂದ ಮೇಲೆ ಬಾಯಿ ಮುಚ್ಚಿಕೊಂಡ. ಆಮೇಲೆ ಅಳತೊಡಗಿದ. “ಬೇಡ ಅಂಕಲ್, ನನ್ನ ಕೇಳಬೇಡಿ. ಫೋನಿನ ವಿಷಯ ಬಾಯಿ ಬಿಡಬಾರದು ಅಂತ ಕ್ಲೆಮೆಂಟ್ ಅಂಕಲ್ ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದಾರೆ.”

ಇನ್ನು ಕೇಳುವುದೇನೂ ಉಳಿದಿರಲಿಲ್ಲ.

ಕ್ಲೆಮೆಂಟನ ಮನೆಯಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಇಪ್ಪತ್ತಾರು ವರ್ಷದ ಸಂಸಾರವನ್ನು ಅವನ ಹೆಂಡತಿ ಕಾರ್ಮೆಲ್ ತೂಕದ ಕೊಕ್ಕೆಗೆ ಸಿಕ್ಕಿಸಿ ಎತ್ತಿ ನೋಡುತ್ತಿದ್ದರು. ಅನಂತರಾಮು ಬಾಗಿಲಲ್ಲೇ ನಿಂತು ಕೇಳಿದರು:

“ಕ್ಲೆಮೆಂಟ್, ಎಂಟು ಗಂಟೆಗೆ ಹೊರಡುವಾಗ ಫೋನ್ ಯಾರ ಕೈಗೆ ಕೊಟ್ಟು ಹೋದೆ?”

“ಸರ್, ಅದೆಲ್ಲ ಮುಗಿದ ಕಥೆ. ಕೂತ್ಕೊಳ್ಳಿ. ಕಾರ್ಮೆಲ್, ಸರ್‌ಗೆ ಚಾ—”

“ಫೋನ್ ನಿನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಎಂಟು ಐವತ್ತಕ್ಕೆ ನನ್ನ ಹೆಂಡತಿಗೆ ಫೋಟೊ ಬರುತ್ತಲೇ ಇರಲಿಲ್ಲ. ನಮ್ಮ ಗಡಿಯಾರದ ಏಳು ಐವತ್ತನ್ನೇ ಜಾರ್ಜಿಯಾದ ಗಡಿಯಾರದ್ದೂ ಅಂದುಕೊಂಡೆ ನಾನು. ಏಳು ವಾರ ಮನೆಯಲ್ಲೇ ಇತ್ತು ಸಾಕ್ಷಿ, ನೋಡಲಿಲ್ಲ. ಆ ಹೊತ್ತಿಗೆ ಹಾಟ್‌ಸ್ಪಾಟ್ ಹೋಟೆಲಿನಲ್ಲೇ ಇತ್ತು.”

ಕ್ಲೆಮೆಂಟ್ ಒಂದು ಸೂಟ್‌ಕೇಸಿನ ಮುಚ್ಚಳ ಹಾಕಿದ.

“ಇದು ಮೊದಲನೆಯದು. ಎರಡನೆಯದು ಆ ಮಾತು — ‘ಲೋ’. ಮಾಡಿದ ತಪ್ಪಿಗೆ ತೇಪೆ ಹಾಕೋಕೆ ನೀನು ಹೇಳಿದ ಸುಳ್ಳು ಅಂದುಕೊಂಡಿದ್ದೆ. ಆದರೆ ತಪ್ಪು ಆಗೋ ಮೊದಲೇ ಯಾರಾದರೂ ತೇಪೆ ಹಾಕ್ತಾರಾ? ಬರೆದವನು ಸುಳ್ಳು ಬರೆದಿಲ್ಲ. ನಂಬಿ ಬರೆದಿದ್ದಾನೆ. ಎಂಟು ಚಳಿಗಾಲ ಆ ಬೆಟ್ಟ ನೋಡಿದ ನೀನು ನಾಲ್ಕನ್ನ ಲೋ ಅಂತ ನಂಬ್ತೀಯಾ? ಬೆಟ್ಟದವರ ಲೆಕ್ಕ ಐದರವರೆಗೆ. ನಾಲ್ಕು ಅಂದರೆ ಸಾವು ಬಾಗಿಲಲ್ಲಿದೆ ಅಂತ. ಆದರೆ ನಾಲ್ಕನ್ನ ಲೋ ಅನ್ನುವ ಜನ ಇದ್ದಾರೆ. ನಮ್ಮ ಪ್ಲಾಂಟುಗಳಲ್ಲಿ! ಅಲ್ಲಿ ಸಾಧ್ಯತೆಗೆ ಐದು ಅಂಕ, ಪರಿಣಾಮಕ್ಕೆ ಐದು ಅಂಕ, ಗುಣಿಸಿದರೆ ಇಪ್ಪತ್ತೈದು. ಇಪ್ಪತ್ತೈದರಲ್ಲಿ ನಾಲ್ಕು ಬಂದರೆ ಹಸಿರು, ಯಲ್ಲಾ ನಡೀರಿ, ಕೆಲಸ ಶುರು ಮಾಡಿ!”

ಕಾರ್ಮೆಲ್ ತಂದ ನೀರನ್ನು ಅವರು ಮುಟ್ಟಲಿಲ್ಲ.

“ನಿಮ್ಮ ಗುಂಪಿನಲ್ಲಿ ಆ ಪಟ್ಟಿ ಗೊತ್ತಿದ್ದವರು ಇಬ್ಬರು. ಗುರುಕಿರಣ್ ಒಂಬತ್ತರವರೆಗೆ ಮಲಗಿದ್ದ, ನಿನ್ನ ಮಗಳೇ ಎಬ್ಬಿಸಿದ್ದು. ಉಳಿದವನು ಒಬ್ಬ. ಅವನಿಗೆ ಕಂಟ್ರೋಲ್ ರೂಮಿನ ಅಭ್ಯಾಸ. ಒಂದು ಶಿಫ್ಟಿಗೆ ಮುನ್ನೂರು ಅಲಾರಂ. ಮೊದಲು ಒಪ್ಪಿಕೊಂಡೆ ಅಂತ ಒತ್ತಿಬಿಡೋದು, ಹಸಿರಾದರೆ ಯಾರಿಗೂ ಹೇಳೋ ಗೋಜಿಲ್ಲ. ಒಂದೇ ನಿಮಿಷದಲ್ಲಿ ಉತ್ತರ ಹೋಗಿದ್ದು ಹಾಗೆ. ಎಚ್ಚರಿಕೆಯನ್ನ ಓದಿ ಮುಚ್ಚಿಟ್ಟವನು ನಿತೇಶ್. ನನ್ನ ಮಗ.”

ಡೆಲ್ಮಾ ಗೋಡೆಗೆ ಒರಗಿದಳು. ಕ್ಲೆಮೆಂಟ್ ಮಂಚದ ಅಂಚಿನಲ್ಲಿ ಕೂತು ಮುಖ ಒರೆಸಿಕೊಂಡ.

“ಮುಚ್ಚಿಟ್ಟದ್ದಲ್ಲ ಸರ್ ಅವನು. ಅವನಿಗೆ ಗೊತ್ತೇ ಇರಲಿಲ್ಲ, ಪಾಪ. ಫೋನ್ ನಾನೇ ಕೊಟ್ಟದ್ದು. ಹೆಂಗಸರಿಗೆ ನೆಟ್ ಬೇಕಾಗ್ತದೆ, ಇಟ್ಕೊ ಮಾರಾಯ ಅಂತ. ನಾನು ಬಂದು ಹಿಮ ತೋಡುವಾಗ ಮೊದಲು ಸಿಕ್ಕಿದ್ದು ಅವನ ಕೈ. ಜಾಕೆಟ್ ಕಿಸೆಯಲ್ಲಿ ಫೋನ್ ಇತ್ತು. ಮೆಸೇಜ್ ನೋಡಿದೆ. ಅಲ್ಲೇ ಕೂತುಬಿಟ್ಟೆ.”

“ಯಾಕೆ ಹೇಳಲಿಲ್ಲ?”

“ಎಂತ ಹೇಳುದು ಮಾರಾಯ್ರೆ? ನಿಮ್ಮ ಮಗನ ಹೆಣ ತಂದಿದ್ದೇನೆ, ತಪ್ಪು ಸಹ ಅವನದ್ದೇ ಅಂತ ಅವನ ಅಮ್ಮನ ಎದುರು ಹೇಳುದಾ? ನನ್ನಿಂದ ಆಗಲಿಲ್ಲ.” ಮಂಚದ ಮೇಲಿನ ಪಾಸ್‌ಪೋರ್ಟುಗಳನ್ನು ಪಕ್ಕಕ್ಕೆ ಸರಿಸಿದ. “ಇಕಾಮಾ ಹೋಗ್ತದೆ ಅಂತ ಆಗ ಗೊತ್ತಿರಲಿಲ್ಲ ಸರ್. ಸುಳ್ಳು ಹೇಳ್ಬಾರ್ದಲ್ಲ. ಗೊತ್ತಿದ್ದಿದ್ರೆ ಬಾಯಿ ಬಿಡ್ತಿದ್ದೆನೋ ಏನೋ. ಆಮೇಲೆ ಮಾತು ಬದಲಿಸಿದ್ರೆ ಯಾರು ನಂಬ್ತಾರೆ?”

“ಪಪ್ಪಾ!” ಎಂದು ಡೆಲ್ಮಾ ಅವನ ತೋಳು ಹಿಡಿದಳು.

“ಒಂದು ಉಪಕಾರ ಮಾಡಿ ಸರ್. ಅಮ್ಮನಿಗೆ ಹೇಳ್ಬೇಡಿ. ನಾವು ಹೇಗೂ ಹೊರಟಾಯ್ತು.”

“ಆ ಪಟ್ಟಿ ಅವನಿಗೆ ಕಲಿಸಿದವನು ನಾನು ಕಣಯ್ಯಾ,” ಎಂದರು ಅನಂತರಾಮು. “ಕೆಲಸದ ಇಂಟರ್‌ವ್ಯೂಗೆ ಹೊರಟಾಗ ಉರು ಹೊಡೆಸಿದ್ದೆ. ನಾಲ್ಕರವರೆಗೆ ಹಸಿರು, ಹೆದರಬೇಡ ಅಂತ.” ಇಷ್ಟು ಹೇಳಿ, ಅರವತ್ತರ ಹತ್ತಿರದ ಆ ಮನುಷ್ಯ ಸೂಟ್‌ಕೇಸುಗಳ ನಡುವೆ ಕುಸಿದು ಕೂತು ಗೊಳೋ ಎಂದು ಅತ್ತರು. ಮಗನ ಚಿತೆಯ ಮುಂದೆಯೂ ಹೀಗೆ ಅತ್ತಿರಲಿಲ್ಲ.

ಹೇಳದೆ ಇರುವುದು ಸಾಧ್ಯವಿತ್ತೇ? ಮನೆಗೆ ಬಂದಾಗ ಅನಸೂಯಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

“ಏನಂದ ಆ ಪಾಪಿ? ತಪ್ಪಿಸ್ಕೊಳ್ಳೋಕೆ ಹೊಸ ಕಥೆ ಏನಾದ್ರೂ ಕಟ್ಟಿದ್ನಾ?”

ಅನಂತರಾಮು ಆಕೆಯ ಕೈ ಹಿಡಿದು ಕೂರಿಸಿದರು. ನಿಖಿತಾಳನ್ನೂ ಕರೆದರು. ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ ಹೇಳಿದರು. ನಿಖಿತಾ ಎದ್ದುಹೋಗಿ, ಏಳು ವಾರದಿಂದ ಮುಚ್ಚಿದ್ದ ಕೋಣೆಯ ಬಾಗಿಲು ತೆಗೆದು, ಒಳಗೆ ಹೋಗಿ ಹಾಕಿಕೊಂಡಳು. ಅನಸೂಯಮ್ಮ ಅಲುಗಲಿಲ್ಲ. ಅಳಲೂ ಇಲ್ಲ.

“ನಾನು ಆ ಹುಡುಗೀಗೆ ಶಾಪ ಹಾಕಿದ್ನಲ್ರೀ,” ಎಂದರು. “ಎಲ್ಲರ ಎದುರಿಗೆ. ಇವತ್ತು ಬಾಗಿಲಿಗೆ ಬಂದಾಗ ಒಂದು ಲೋಟ ನೀರೂ ಕೊಡಲಿಲ್ಲ.” ಆಮೇಲೆ ತಟ್ಟನೆ, “ಫೋನ್ ಮಾಡಿ. ಅವರ ಕಫೀಲಿಗೆ ಮಾಡಿ. ಈಗಲೇ!”

ಯೂಸುಫ್ ಒಂದು ಕಾಲಕ್ಕೆ ಅಹ್ಮದಿಯಲ್ಲಿ ಅನಂತರಾಮು ಅವರ ಜೊತೆ ಕೆಲಸ ಮಾಡಿದವರು. ಅರಬರ ರೂಢಿಯಂತೆ ಅವರು ಎಂದೂ ಅನಂತರಾಮು ಎಂದು ಕರೆದವರಲ್ಲ. ಅಬು ನಿತೇಶ್ — ನಿತೇಶನ ಅಪ್ಪ.

“ಅಹ್ಲನ್, ಅಬು ನಿತೇಶ್! ಹೇಗಿದ್ದೀರಿ?”

ಫೋನಿನ ಸ್ಪೀಕರ್ ಹಾಕಿ ಅನಂತರಾಮು ಇಂಗ್ಲಿಷಿನಲ್ಲಿ ಹೇಳಿದರು: ನನ್ನ ಪತ್ರ ತಪ್ಪು, ಕ್ಲೆಮೆಂಟ್ ನಿರಪರಾಧಿ, ಅವನನ್ನು ಉಳಿಸಿಕೊಳ್ಳಿ.

“ನಿರಪರಾಧಿಯೇ? ಹಾಗಾದರೆ ಮಾಡಿದ್ದು ಯಾರು, ಅಬು ನಿತೇಶ್?”

ಅನಂತರಾಮು ಹೆಂಡತಿಯ ಕಡೆ ನೋಡಿದರು.

“ನಿತೇಶ್.”

“ಅಲ್ಲಾಹ್ ಅವನಿಗೆ ಕರುಣೆ ತೋರಲಿ,” ಎಂದರು ಯೂಸುಫ್ ಮೆಲ್ಲಗೆ. “ಆದರೆ ಈಗ ಏನು ಮಾಡಲಿ? ರದ್ದತಿಗೆ ಸಹಿ ಬಿದ್ದು ಹದಿನೈದು ದಿನವಾಯಿತು. ಅಂಗಡಿಯ ಲೈಸೆನ್ಸನ್ನೂ ಬೇರೆಯವರಿಗೆ ಕೊಟ್ಟಾಯಿತು. ನನ್ನ ಕೈಯಲ್ಲಿಲ್ಲ. ಖಲಾಸ್, ಅಬು ನಿತೇಶ್. ಖಲಾಸ್.”

ಆ ಮಾತಿನ ಅರ್ಥ ಕುವೈತಿನಲ್ಲಿ ಯಾರಿಗೆ ಗೊತ್ತಿಲ್ಲ? ಅನಸೂಯಮ್ಮ ಗಂಡನ ಕೈಯಿಂದ ಫೋನು ಕಿತ್ತುಕೊಂಡರು.

“ಸ್ವಾಮೀ, ನಾನು ನಿತೇಶನ ಅಮ್ಮ. ತಪ್ಪು ನನ್ನ ಮಗಂದು. ಆ ಕ್ಲೆಮೆಂಟ್ ಏನೂ ಮಾಡಿಲ್ಲ. ನಮ್ಮ ಮನೆ ಮಾನ ಉಳಿಸೋಕೆ ಸುಳ್ಳು ಹೇಳಿದ್ರು. ಅವರನ್ನ ಕಳಿಸಬೇಡಿ ಸ್ವಾಮೀ. ನಮ್ಮನ್ನ ಬೇಕಾದ್ರೆ ಕಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ, ಕೇಳಿಸ್ತಿದೆಯಾ?”

ಕನ್ನಡದ ಒಂದಕ್ಷರವೂ ತಿಳಿಯದ ಯೂಸುಫ್ ಆ ಕಡೆಯಿಂದ ಕೇಳುತ್ತಲೇ ಇದ್ದರು, “ಹಲೋ? ಅಬು ನಿತೇಶ್? ಆಕೆ ಏನು ಹೇಳುತ್ತಿದ್ದಾರೆ?”

ಅನಂತರಾಮು ಫೋನಿಗೆ ಕೈ ಚಾಚಲಿಲ್ಲ. ಅನಸೂಯಮ್ಮ ಅದೇ ಮಾತುಗಳನ್ನು ಮೊದಲಿನಿಂದ ಮತ್ತೆ ಹೇಳತೊಡಗಿದರು.